ಮಳೆಗಾಲದಲ್ಲಿ ಮನೆಯ ಸರ್ವರ್‌ಗೆ ಕಡತ ಸಾಗಿಸುವ ಕ್ರಮ

ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಮಳೆಗಾಲವೆಂದರೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವ ಕಾಲ. ಆದ್ದರಿಂದ ಇಲ್ಲಿ ಮನೆಯ ಸರ್ವರ್‌ಗೆ ಕಡತ ಸಾಗಿಸುವ ವಿಧಾನವನ್ನು ಆರಿಸುವಾಗ ವೇಗಕ್ಕಿಂತ ಮೊದಲು, ನಕಲು ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು.

ನನಗೆ ಇದು ತಿಳಿದದ್ದು ಕಳೆದುಕೊಂಡ ಮೇಲೆ. ಊರಿನ ತಾಳಮದ್ದಳೆಯೊಂದರ ಮೂರು ಗಂಟೆಯ ಧ್ವನಿಮುದ್ರಣವನ್ನು ಸರ್ವರ್‌ನ ಫೋಲ್ಡರ್‌ಗೆ ಎಳೆದು ಹಾಕಿದ್ದೆ. ನಡುವೆ ಕರೆಂಟು ಹೋಗಿ ಎರಡೂ ಯಂತ್ರಗಳು ಆರಿದವು. ಬೆಳಿಗ್ಗೆ ಕಡತದ ಹೆಸರೂ ಗಾತ್ರವೂ ಸರಿಯಾಗಿಯೇ ಕಂಡಿದ್ದರಿಂದ ರೆಕಾರ್ಡರಿನ ಕಾರ್ಡನ್ನು ಅಳಿಸಿದೆ. ಆಮೇಲೆ ಕೇಳಿದರೆ ಭಾಗವತರ ಪದ ನಡುವೆಯೇ ತುಂಡಾಗಿ, ಮುಂದೆಲ್ಲ ಬರೀ ಮೌನ. ವಿಂಡೋಸ್ ನಕಲಿನ ಆರಂಭದಲ್ಲೇ ಕಡತದ ಪೂರ್ತಿ ಗಾತ್ರವನ್ನು ಗೊತ್ತುಮಾಡಿಬಿಡಬಹುದು. ಹಾಗಾಗಿ ಗಾತ್ರವನ್ನಷ್ಟೇ ನೋಡಿ ನಂಬುವಂತಿಲ್ಲ.

ಸಣ್ಣಪುಟ್ಟ ಕಡತಗಳಿಗೆ ಸಾಂಬಾ ಹಂಚಿಕೆ (ಸರ್ವರ್‌ನ ಫೋಲ್ಡರನ್ನು ವಿಂಡೋಸ್‌ನಲ್ಲೂ ಕಾಣುವಂತೆ ಮಾಡುವ ತಂತ್ರಾಂಶ) ಸಾಕು. ದೊಡ್ಡವುಗಳಿಗೆ ಎಸ್‌ಎಸ್‌ಎಚ್ (ಗುಪ್ತಲಿಪಿಯ ಸಂಪರ್ಕ) ಮೂಲಕ ಆರ್‌ಸಿಂಕ್ ಎಂಬ ನಕಲು ಮಾಡುವ ಕಮಾಂಡನ್ನು ಬಳಸಿರಿ. (ಎರಡರ ಹುಟ್ಟಿನ ಹಿಂದೆಯೂ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಇದ್ದಾರೆ.) ಆರ್‌ಸಿಂಕ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಕಡತ ಪೂರ್ತಿ ಬಂದ ಮೇಲೆಯೇ ನಿಜವಾದ ಹೆಸರನ್ನು ಕೊಡುತ್ತದೆ. ಅದಕ್ಕೆ ‘ಪಾರ್ಷಿಯಲ್-ಡಿರ್’ ಆಯ್ಕೆಯನ್ನು ಸೇರಿಸಿದರೆ, ಸಂಪರ್ಕ ಕಡಿದಾಗ ಅರ್ಧ ಬಂದದ್ದನ್ನು ಬೇರೊಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡು, ಮುಂದಿನ ಸಲ ಅದನ್ನೇ ಬಳಸಿ ಮುಂದುವರಿಸುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಬೇಡವೆನ್ನುವವರಿಗೆ ವಿನ್‌ಎಸ್‌ಸಿಪಿ ಇದೆ. ಅದೂ ದೊಡ್ಡ ಕಡತಗಳನ್ನು ನಿಂತಲ್ಲಿಂದ ಮುಂದುವರಿಸಬಲ್ಲದು. ಹಳೆಯ ಎಫ್‌ಟಿಪಿ ಪಾಸ್‌ವರ್ಡನ್ನೂ ಮರೆಮಾಡದೆ ಕಳುಹಿಸುವುದರಿಂದ ಅದನ್ನು ಬಿಡಿ.

ಆರ್‌ಸಿಂಕ್‌ನಲ್ಲಿ ಹೊಸಬರು ಎಡವುವುದು ಒಂದು ಓರೆಗೆರೆಯಲ್ಲಿ. ಮೂಲ ಫೋಲ್ಡರ್‌ನ ಹೆಸರಿನ ಕೊನೆಯಲ್ಲಿ ಓರೆಗೆರೆ (/) ಇಲ್ಲದಿದ್ದರೆ ಆ ಫೋಲ್ಡರ್ ಸಮೇತ ಸರ್ವರ್‌ಗೆ ಹೋಗುತ್ತದೆ. ಇದ್ದರೆ ಅದರೊಳಗಿನ ಕಡತಗಳು ಮಾತ್ರ ಹೋಗಿ ಗುರಿಯಲ್ಲಿ ಹರಡಿಕೊಳ್ಳುತ್ತವೆ. ಇದರ ಜೊತೆಗೆ, ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುವ ‘ಡಿಲೀಟ್’ ಆಯ್ಕೆಯೂ ಸೇರಿದ್ದರೆ, ಗುರಿಯಲ್ಲಿದ್ದ ಹಳೆಯ ಕಡತಗಳೆಲ್ಲ ಅಳಿಸಿಹೋಗಬಹುದು. ಆದ್ದರಿಂದ ಪ್ರತಿ ಸಲವೂ ಮೊದಲು ‘ವಿ’ (-v), ‘ಎನ್’ (-n) ಆಯ್ಕೆಗಳೊಡನೆ ಓಡಿಸಿರಿ. ಆಗ ಏನೂ ನಕಲಾಗದೆ, ಏನು ಆಗಲಿದೆ ಎಂಬ ಪಟ್ಟಿ ಮಾತ್ರ ಬರುತ್ತದೆ.

ನಕಲು ಮುಗಿದ ಮೇಲೆ ಅದೇ ಕಮಾಂಡನ್ನು ‘ವಿ’, ‘ಎನ್’, ‘ಸಿ’ ಆಯ್ಕೆಗಳೊಡನೆ ಇನ್ನೊಮ್ಮೆ ಕೊಡಿ. ಸಾಮಾನ್ಯವಾಗಿ ಗಾತ್ರ ಮತ್ತು ಸಮಯವನ್ನಷ್ಟೇ ಹೋಲಿಸುವ ಆರ್‌ಸಿಂಕ್, ‘ಸಿ’ (-c) ಇದ್ದಾಗ ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಿ ಚೆಕ್‌ಸಮ್ (ಕಡತದ ಒಳಗಿನದರಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತಾಳೆ ನೋಡುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ಯಾವ ಕಡತದ ಹೆಸರೂ ಪಟ್ಟಿಯಾಗದಿದ್ದರೆ ಮಾತ್ರ ಕಾರ್ಡನ್ನು ಅಳಿಸಿರಿ.

ವೈಫೈಗಿಂತ ಕೇಬಲ್ ಮೇಲು. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್; 8 ಬಿಟ್‌ಗೆ ಒಂದು ಬೈಟ್) ಪೋರ್ಟಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಹೋಗುವುದರಿಂದ 40 ಜಿಬಿಗೆ ಸುಮಾರು ಒಂದು ಗಂಟೆ ಬೇಕು. ಗಿಗಾಬಿಟ್ ಪೋರ್ಟಾದರೆ ಕೆಲವೇ ನಿಮಿಷ. ಯುಪಿಎಸ್ ಕೊಡುವುದಾದರೆ ಸರ್ವರ್‌ಗೆ ಮಾತ್ರವಲ್ಲ, ರೌಟರ್‌ಗೂ ಕೊಡಿ.

ಕಡತಗಳಿಗೆ ಕನ್ನಡದಲ್ಲೇ ಹೆಸರಿಡಿ, ಆದರೆ ಅಳತೆ ಮೀರದಿರಲಿ. ಲಿನಕ್ಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕಾಗಿ, ‘ಕ್ಷ’ (ಕ, ಅರ್ಧಾಕ್ಷರದ ಚಿಹ್ನೆ, ಷ) ಒಂದೇ 9 ಬೈಟ್ ತಿನ್ನುತ್ತದೆ. ಪ್ರಸಂಗ, ಸ್ಥಳ, ಅರ್ಥಧಾರಿಗಳ ಹೆಸರುಗಳನ್ನೆಲ್ಲ ಸೇರಿಸಿದರೆ ಮಿತಿ ಬೇಗ ಮುಟ್ಟುತ್ತದೆ.

ಬೆಂಗಳೂರಿನಲ್ಲಿರುವ ಮಕ್ಕಳು ಅಲ್ಲಿಂದಲೇ ಕಡತ ಇಳಿಸಿಕೊಳ್ಳಬೇಕೆಂದರೆ, ರೌಟರ್‌ನಲ್ಲಿ ಸಾಂಬಾದ 445ನೆಯ ಪೋರ್ಟನ್ನು (ತಂತ್ರಾಂಶವು ಸಂಪರ್ಕಕ್ಕೆ ಬಳಸುವ ಬಾಗಿಲಿನ ಸಂಖ್ಯೆ) ಯಾವ ಕಾರಣಕ್ಕೂ ಹೊರಜಗತ್ತಿಗೆ ತೆರೆಯಬೇಡಿ. ಟೈಲ್‌ಸ್ಕೇಲ್‌ನಂಥ ವಿಪಿಎನ್ (ನಿಮ್ಮ ಯಂತ್ರಗಳ ನಡುವಿನ ಖಾಸಗಿ ಜಾಲ) ಹಾಕಿಕೊಳ್ಳಿ. ಆಗ ಅವರಿಗೆ ಸಿಗುವ ವೇಗ ನಮ್ಮ ಮನೆಯ ಅಪ್‌ಲೋಡ್ ವೇಗವನ್ನು ಮೀರದು. ದೊಡ್ಡ ಕಡತವಿದ್ದರೆ ಆರ್‌ಸಿಂಕನ್ನು ರಾತ್ರಿ ಹಚ್ಚಿಟ್ಟು ಮಲಗಲು ಅವರಿಗೆ ಹೇಳಿ.