ಮೀನು ಕಚ್ಚದ ಮುಂಜಾವಿನಲ್ಲಿ ಮಾಡಬೇಕಾದುದು

ನೇತ್ರಾವತಿಯ ಅಳಿವೆಯ ಕಡೆಗೆ ನಸುಕಿನಲ್ಲಿ ಗಾಳ ಹಾಕಲು ಹೊರಡುವವರು ಮೊದಲು ಉಬ್ಬರವಿಳಿತದ ವೇಳೆಯನ್ನು ನೋಡಿಕೊಳ್ಳಬೇಕು. ದಿನಕ್ಕೆ ಎರಡು ಬಾರಿ ಬರುವ ಉಬ್ಬರವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಕಳೆದ ಭಾನುವಾರ ಆರು ಗಂಟೆಗೆ ಏರುತ್ತಿದ್ದ ನೀರು ಈ ಭಾನುವಾರ ಅದೇ ಹೊತ್ತಿಗೆ ಇಳಿಯುತ್ತಿರುತ್ತದೆ. ನಾನು ಮೂರು ತಾಸು ಕುಳಿತು ಬರಿಗೈಯಲ್ಲಿ ಮರಳಿದ್ದು ಈ ಲೆಕ್ಕ ತಪ್ಪಿದ್ದರಿಂದಲೇ ಇರಬೇಕು.

ಮೀನು ಕಚ್ಚಲಿಲ್ಲವೆಂದು ಕೂಡಲೇ ಜಾಗ ಬದಲಿಸಬೇಡಿ. ಗಾಳವನ್ನು ಎತ್ತಿ ಎರೆಯಾಗಿ ಸಿಕ್ಕಿಸಿದ ಸಿಗಡಿಯನ್ನು ಪರೀಕ್ಷಿಸಿ: ಅದು ಮಾಯವಾಗಿದ್ದರೆ ಏಡಿಯೋ ಸಣ್ಣ ಮೀನೋ ಕಿತ್ತು ತಿಂದಿರುತ್ತದೆ, ಆಗ ಚಿಕ್ಕ ಗಾಳ ಬೇಕು; ನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದರೆ ತೆಗೆದು ಹೊಸದನ್ನು ಸಿಕ್ಕಿಸಬೇಕು. ಅನಂತರ ಗಾಳವನ್ನು ತಳಕ್ಕಿಳಿಸಲು ದಾರಕ್ಕೆ ಕಟ್ಟಿದ ಸೀಸದ ತೂಕವನ್ನು ನೋಡಿ. ಸೆಳೆತ ಹೆಚ್ಚಿರುವಾಗ, ವಿಶೇಷವಾಗಿ ಉಬ್ಬರವಿಳಿತಗಳೆರಡೂ ಜೋರಾಗಿರುವ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ, ಹಗುರವಾದ ಸೀಸವು ತಳದಲ್ಲಿ ನಿಲ್ಲದೆ ಕೊಚ್ಚಿಹೋಗುವುದರಿಂದ, ಮರಳಿನಲ್ಲಿ ಹುದುಗಿರುವ ಕಾಣೆ ಮೀನಿನ ಬಾಯಿಗೆ ಸಿಗಡಿಯು ತಲುಪುವುದೇ ಇಲ್ಲ.

ಘಟ್ಟದಲ್ಲಿ ಭಾರಿ ಮಳೆಯಾಗಿ ನೀರು ಕೆಂಪಾಗಿ ಹರಿಯುತ್ತಿದ್ದರೆ ಯಾವ ಉಪಾಯವನ್ನೂ ಹುಡುಕದೆ ದಂಡೆಯಿಂದಲೇ ಹಿಂದಿರುಗುವುದು ಲೇಸು. ಆ ಸೆಳೆತದಲ್ಲಿ ಕಾಲಿಡುವುದು ಅಪಾಯಕರ.

ಮನೆಗೆ ಹೊರಡುವ ಮುನ್ನ ವೇಳೆ, ನೀರಿನ ಬಣ್ಣ, ಸೆಳೆತದ ದಿಕ್ಕು ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ದಾರಿಯಲ್ಲಿ ಬಂದರಿನ ಧಕ್ಕೆಯಿಂದ ಕಡಲ ಮೀನಾದ ಬಂಗುಡೆ ಕೊಂಡೊಯ್ಯುವುದಕ್ಕೆ ಅಡ್ಡಿಯಿಲ್ಲ, ಆದರೆ ಅದನ್ನು ಹೊಳೆಯಲ್ಲಿ ಹಿಡಿದೆನೆಂದರೆ ಕರಾವಳಿಯ ಯಾವ ಅಮ್ಮನೂ ನಂಬುವುದಿಲ್ಲ.