ಮಗುವಿನ ಕಣ್ಣಿಗೆ ಸಿಲಿಂಡರ್ ಪವರ್ ಬಂದಾಗ ಮಾಡಬೇಕಾದ್ದೇನು?

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮನೆ ಬಾಗಿರದೆ, ಒಂದು ದಿಕ್ಕಿಗೆ ಹೆಚ್ಚು, ಅದಕ್ಕೆ ಅಡ್ಡವಾದ ದಿಕ್ಕಿಗೆ ಕಡಿಮೆ ಬಾಗಿದ್ದರೆ, ಒಳಬಂದ ಬೆಳಕು ಅಕ್ಷಿಪಟಲದ ಮೇಲೆ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇದೇ ಅಸ್ಟಿಗ್ಮ್ಯಾಟಿಸಂ, ಆಪ್ಟಿಕಲ್ಸ್ ಅಂಗಡಿಗಳ ಮಾತಿನಲ್ಲಿ ಸಿಲಿಂಡರ್ ಪವರ್. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಹಲಗೆಯ ಮೇಲಿನ ‘ಧ’ವನ್ನು ‘ದ’ ಎಂದು ಬರೆದುಕೊಂಡು ಬರುತ್ತಿದ್ದಳು. ನಾವು ಗಮನವಿಲ್ಲವೆಂದು ಗದರಿಸುತ್ತಿದ್ದೆವು. ‘ಧ’ದ ಹೊಟ್ಟೆಯ ಸೀಳಾಗಲಿ, ‘ಥ’ದೊಳಗಿನ ಚುಕ್ಕೆಯಾಗಲಿ ಅವಳಿಗೆ ಕಾಣುತ್ತಲೇ ಇರಲಿಲ್ಲ ಎಂದು ತಿಳಿದ ದಿನದ ಸಂಕಟ ಇಂದಿಗೂ ಹೋಗಿಲ್ಲ. ಮಕ್ಕಳು ತಮಗೆ ಮಂಜಾಗಿ ಕಾಣುತ್ತಿದೆ ಎಂದು ಹೇಳುವುದು ಅಪರೂಪ, ಏಕೆಂದರೆ ಸ್ಪಷ್ಟವಾಗಿ ಕಾಣುವುದು ಹೇಗಿರುತ್ತದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಆಗಬೇಕಾದ್ದು ಔಷಧಿ ಹಾಕಿ ಮಾಡುವ ಪರೀಕ್ಷೆ. ಮಕ್ಕಳ ಕಣ್ಣಿನ ಸ್ನಾಯುಗಳು ಬಹಳ ಚುರುಕಾಗಿರುವುದರಿಂದ, ಯಂತ್ರದ ಮುಂದೆ ಕುಳ್ಳಿರಿಸಿ ತೆಗೆದ ಕಂಪ್ಯೂಟರ್ ಚೀಟಿಯನ್ನೇ ನಂಬಿ ಕನ್ನಡಕ ಮಾಡಿಸಿದರೆ ಪವರ್ ತಪ್ಪಾಗುವ ಸಂಭವ ಹೆಚ್ಚು. ನಾವು ಅವಸರದಲ್ಲಿ ಹಾಗೆ ಮಾಡಿಸಿದ ಮೊದಲ ಕನ್ನಡಕವನ್ನು ಒಂದೇ ತಿಂಗಳಲ್ಲಿ ಬದಲಿಸಬೇಕಾಯಿತು. ನೇತ್ರತಜ್ಞರು ಆ ಸ್ನಾಯುಗಳನ್ನು ಸಡಿಲಗೊಳಿಸಲು ಆಸ್ಪತ್ರೆಯಲ್ಲೇ ಡ್ರಾಪ್ಸ್ ಹಾಕುತ್ತಾರೆ, ಇಲ್ಲವೇ ಚಿಕ್ಕ ಮಕ್ಕಳಿಗೆ ಕೆಲವು ದಿನ ಮನೆಯಲ್ಲಿ ಹಚ್ಚಲು ಅಟ್ರೋಪಿನ್ ಮುಲಾಮು ಕೊಡುತ್ತಾರೆ. ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಚ್ಚಬಾರದು, ಹಚ್ಚಿದ ಮೇಲೆ ಕೈ ತೊಳೆಯಬೇಕು, ಟ್ಯೂಬನ್ನು ಮಗುವಿನ ಕೈಗೆ ಸಿಗದ ಕಡೆ ಇಡಬೇಕು. ಮುಖ ಕೆಂಪಾಗಿ ಮೈ ಬಿಸಿಯಾದರೆ ನಿಲ್ಲಿಸಿ ತಕ್ಷಣ ವೈದ್ಯರಿಗೆ ತಿಳಿಸಬೇಕು. ಅಟ್ರೋಪಿನ್ ಹಚ್ಚಿದ ಬಳಿಕ ಒಂದೆರಡು ವಾರ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಪುಸ್ತಕದ ಅಕ್ಷರ ಮಸುಕಾಗಿ ಕಾಣುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಶಾಲೆಯ ಪರೀಕ್ಷೆಗಳ ಹೊತ್ತಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಪವರ್ ಇದೆ ಎಂದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಕನ್ನಡಕ ಬೇಕಾಗುವುದಿಲ್ಲ. ಎಳೆಯ ಕೂಸುಗಳಲ್ಲಿ ಸಿಲಿಂಡರ್ ಸಾಮಾನ್ಯವಾಗಿದ್ದು, ಮೊದಲ ಕೆಲವು ವರ್ಷಗಳಲ್ಲಿ ಹಲವರಿಗೆ ತಾನಾಗಿಯೇ ಇಳಿಯುತ್ತದೆ. ಮೂರು-ನಾಲ್ಕು ವರ್ಷದ ಮಗುವಿಗೆ ಸುಮಾರು 1.50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಎರಡು ಕಣ್ಣುಗಳ ನಡುವೆ ವ್ಯತ್ಯಾಸವಿದ್ದರೆ, ಸಾಮಾನ್ಯವಾಗಿ ಕನ್ನಡಕ ಬರೆಯುತ್ತಾರೆ.

ಬರೆದುಕೊಟ್ಟ ಚೀಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಅದರಲ್ಲಿ ಸ್ಫೆರಿಕಲ್, ಸಿಲಿಂಡರ್, ಆಕ್ಸಿಸ್ ಎಂಬ ಮೂರು ಅಂಕಣಗಳಿರುತ್ತವೆ. ಸ್ಫೆರಿಕಲ್ ಎಂಬುದು ಎಲ್ಲ ದಿಕ್ಕಿಗೂ ಒಂದೇ ಸಮನಾದ ಪವರ್. ಸಿಲಿಂಡರ್ ಎಂಬುದು ಅಸ್ಟಿಗ್ಮ್ಯಾಟಿಸಂ ದೋಷದ ಪ್ರಮಾಣವಾದರೆ, 1ರಿಂದ 180ರವರೆಗಿನ ಆಕ್ಸಿಸ್ ಅದು ಯಾವ ದಿಕ್ಕಿಗಿದೆ ಎಂಬುದನ್ನು ಹೇಳುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1825ರಲ್ಲಿ ತನ್ನದೇ ಕಣ್ಣಿಗಾಗಿ ರೂಪಿಸಿದ ಸಿಲಿಂಡರ್ ಮಸೂರದ ತತ್ವವೇ ಇಂದಿನ ಕನ್ನಡಕದಲ್ಲೂ ಇದೆ. ಮಸೂರ 10 ಡಿಗ್ರಿ ತಿರುಗಿ ಕುಳಿತರೆ ಅದರ ಪ್ರಯೋಜನದಲ್ಲಿ ಸುಮಾರು ಮೂರನೆಯ ಒಂದು ಭಾಗ ನಷ್ಟವಾಗುತ್ತದೆ. 30 ಡಿಗ್ರಿ ತಿರುಗಿದರೆ ಏನೂ ಉಳಿಯುವುದಿಲ್ಲ. ಹೀಗಾಗಿ ಸೊಟ್ಟಗಾದ ಫ್ರೇಮು ನೋಡಲು ಚೆಂದವಿಲ್ಲ ಎಂಬಷ್ಟೇ ವಿಷಯವಲ್ಲ. ದಿನವೂ ಶಾಲೆಗೆ ಹೊರಡುವ ಮುನ್ನ ಮಗುವನ್ನು ಎದುರು ನಿಲ್ಲಿಸಿಕೊಂಡು, ಎರಡೂ ಗಾಜುಗಳು ಒಂದೇ ಮಟ್ಟದಲ್ಲಿವೆಯೇ, ಫ್ರೇಮು ಮೂಗಿನ ತುದಿಗೆ ಜಾರಿದೆಯೇ ಎಂದು ನೋಡಬೇಕು. ವಾಲಿದ್ದರೆ ಅಂಗಡಿಯಲ್ಲಿ ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ. ಮಕ್ಕಳಿಗೆ ಗಾಜಿನ ಬದಲು ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಮಸೂರವನ್ನೇ ಹಾಕಿಸಬೇಕು.

ಮೊದಲ ಒಂದೆರಡು ವಾರ ನೆಲ ಇಳಿಜಾರಾಗಿದೆ, ಬಾಗಿಲು ಓರೆಯಾಗಿದೆ ಎಂದು ಮಗು ದೂರುವುದುಂಟು. ಮೆದುಳು ಹೊಂದಿಕೊಂಡಂತೆ ಅದು ಸರಿಹೋಗುತ್ತದೆ. ಓದುವಾಗಷ್ಟೇ ಹಾಕಿಕೊಂಡರೆ ಸಾಕೆಂಬ ಮನೆಮಂದಿಯ ಮಾತಿಗೆ ಕಿವಿಗೊಡದೆ, ವೈದ್ಯರು ಬೇರೆ ರೀತಿ ಹೇಳದ ಹೊರತು, ಎದ್ದಾಗಿನಿಂದ ಮಲಗುವವರೆಗೆ ಹಾಕಿಸಬೇಕು. ಸ್ಪಷ್ಟ ಚಿತ್ರವೇ ತಲುಪದ ಕಣ್ಣನ್ನು ಮೆದುಳು ಬಳಸುವುದನ್ನೇ ಕಡಿಮೆ ಮಾಡುತ್ತದೆ. ಹೀಗಾದ ‘ಸೋಮಾರಿ ಕಣ್ಣಿ’ಗೆ ಆಮೇಲೆ ಎಷ್ಟು ಸರಿಯಾದ ಕನ್ನಡಕ ಕೊಟ್ಟರೂ ಕೂಡಲೇ ಪೂರ್ಣ ದೃಷ್ಟಿ ಬರುವುದಿಲ್ಲ. ಕೆಲವು ತಿಂಗಳು ಕನ್ನಡಕ ಹಾಕಿಯೂ ಒಂದು ಕಣ್ಣು ಹಿಂದುಳಿದರೆ, ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಅಂಟಿಸಿ ಬಡವಾದ ಕಣ್ಣಿಗೆ ಕೆಲಸ ಕೊಡುತ್ತಾರೆ. ಸಾಧಾರಣ ಪ್ರಮಾಣದ ದೋಷಕ್ಕೆ ದಿನಕ್ಕೆ ಎರಡು ಗಂಟೆಯಿಂದ ಆರಂಭಿಸುವುದು ರೂಢಿ. ಪ್ಯಾಚನ್ನು ಚರ್ಮಕ್ಕೆ ಅಂಟಿಸಿ ಅದರ ಮೇಲೆ ಕನ್ನಡಕ ಹಾಕಬೇಕು. ಗಾಜಿಗೆ ಅಂಟಿಸಿದರೆ ಮಗು ಸಂದಿಯಲ್ಲಿ ಇಣುಕಿ ನೋಡುತ್ತದೆ. ಏಳು ವರ್ಷದೊಳಗೆ ಫಲ ಹೆಚ್ಚು, ಆಮೇಲೂ ಪ್ರಯತ್ನ ವ್ಯರ್ಥವಲ್ಲ.

ತೀರಾ ಹೆಚ್ಚಿನ ಪವರ್‌ಗೆ, ಇಲ್ಲವೇ ಕಾರ್ನಿಯಾ ಅಡ್ಡಾದಿಡ್ಡಿಯಾಗಿ ಬಾಗಿದ್ದರೆ, ವಿಶೇಷ ಕಾಂಟ್ಯಾಕ್ಟ್ ಲೆನ್ಸ್‌ಗಳಿವೆ. ಅವುಗಳ ಸ್ವಚ್ಛತೆಯ ಹೊಣೆ ಹೆತ್ತವರದೇ. ಲೇಸರ್ ಶಸ್ತ್ರಚಿಕಿತ್ಸೆಯ ಮಾತು 18 ವರ್ಷ ತುಂಬಿ ಪವರ್ ಸ್ಥಿರವಾದ ಮೇಲಷ್ಟೇ. ಕಣ್ಣಿನ ವ್ಯಾಯಾಮದಿಂದಾಗಲಿ, ಕ್ಯಾರೆಟ್‌ನಿಂದಾಗಲಿ ಕಾರ್ನಿಯಾದ ಆಕಾರ ಬದಲಾಗದು. ನಂದಿಬಟ್ಟಲ ಹೂವಿನ ರಸ, ಹರಳೆಣ್ಣೆ, ಜೇನುತುಪ್ಪವನ್ನು ದಯವಿಟ್ಟು ಮಗುವಿನ ಕಣ್ಣಿಗೆ ಬಿಡಬೇಡಿ; ಸೋಂಕು ತಗುಲಿದರೆ ಇರುವ ದೃಷ್ಟಿಗೂ ಕುತ್ತು. ಖರ್ಚಿನ ಚಿಂತೆಯಿದ್ದವರು ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಬಹುದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕದ ವ್ಯವಸ್ಥೆಯಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಅಲರ್ಜಿಯಿಂದ ಸದಾ ಕಣ್ಣುಜ್ಜುವ ಮಗುವಿನ ಸಿಲಿಂಡರ್ ಪ್ರತಿ ಬಾರಿಯೂ ಏರುತ್ತಿದ್ದರೆ, ಅದು ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕೆರಟೊಕೋನಸ್ ಇರಬಹುದು. ಕಾರ್ನಿಯಾದ ನಕ್ಷೆ ತೆಗೆಯುವ ಟೊಪೊಗ್ರಫಿ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಅದನ್ನು ಅಲ್ಲಿಗೇ ತಡೆಯಬಲ್ಲದು, ಆದರೆ ಆಗಿರುವ ಹಾನಿಯನ್ನು ಪೂರ್ತಿ ಅಳಿಸಲಾರದು. ಆದ್ದರಿಂದ ಅಲರ್ಜಿಗೆ ಮೊದಲೇ ಮದ್ದು ಮಾಡಿಸಿ ಉಜ್ಜುವುದನ್ನು ಬಿಡಿಸಬೇಕು. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಪವರ್ ಎಷ್ಟು ಬೇಗ ಏರುತ್ತಿದೆ ಎಂಬುದು ವೈದ್ಯರಿಗೆ ಅವುಗಳಿಂದಲೇ ತಿಳಿಯುತ್ತದೆ.