ಕೋರ್ಟಿನೊಳಗೆ ‘ಅಕ್ಕ’ ಬೇಡ

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಏಳು ವರ್ಷದಿಂದ ಕೋಚಿಂಗ್ ಮಾಡುತ್ತಿದ್ದೇನೆ. ಹಗಲು ಇನ್ಶೂರೆನ್ಸ್ ಆಫೀಸಿನ ಕೆಲಸ, ಸಂಜೆ ಐದೂವರೆಯಿಂದ ಏಳೂಕಾಲು ಕೋರ್ಟು. ಅದಾದ ಮೇಲೆ ಹಾಸ್ಟೆಲ್ ಗೇಟು ಹಾಕುತ್ತಾರೆ, ಒಂದು ನಿಮಿಷ ಜಾಸ್ತಿ ಸಿಗುವುದಿಲ್ಲ.

ಸಿಇಟಿ ಸೀಟುಗಳೆಲ್ಲ ಹಂಚಿ ಮುಗಿದು ಫಸ್ಟ್ ಇಯರ್ ಹುಡುಗಿಯರು ಬರುವ ಹೊತ್ತಿಗೆ ವಲಯ ಮಟ್ಟದ ಪಂದ್ಯಕ್ಕೆ ಐದಾರು ವಾರ ಉಳಿದಿರುತ್ತದೆ, ಅಷ್ಟೆ. ಫೈನಲ್ ಇಯರಿನವರು ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಅರ್ಧ ದಿನ ಬರುತ್ತಾರೆ, ಅರ್ಧ ದಿನ ಇಲ್ಲ. ಹೇಗೆ ಎಣಿಸಿದರೂ ಹತ್ತು ಹನ್ನೊಂದು ಜನ. ಅದರಲ್ಲಿ ನಾಲ್ಕೈದು ಜನ ಹೊಸಬರು. ಹಾಗಾಗಿ ಹೊಸಬರನ್ನು ಆಡಿಸಬೇಕಾ ಬೇಡವಾ ಎನ್ನುವ ಪ್ರಶ್ನೆ ನಮ್ಮಲ್ಲಿಲ್ಲ. ಆಡಿಸಲೇಬೇಕು. ಏನು ಕೆಲಸ ಕೊಟ್ಟು ಆಡಿಸುವುದು ಅನ್ನೋದೇ ತಲೆನೋವು.

ಅವರು ಬರುವ ಸ್ಥಿತಿ ನೋಡಿದರೆ ಪಾಪ ಅನಿಸುತ್ತದೆ. ಹೈಸ್ಕೂಲಿನಲ್ಲಿ ಜಿಲ್ಲೆಗೆ ಆಡಿದವರು ಕೂಡ ಸೆಕೆಂಡ್ ಪಿಯುಸಿಯಲ್ಲಿ ಚೆಂಡು ಮುಟ್ಟಿರುವುದಿಲ್ಲ. ಬೆಳಿಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಮತ್ತೆ ಟ್ಯೂಷನ್. ಮೊದಲ ದಿನ ಎರಡು ಸುತ್ತು ಓಡಿಸಿದರೆ ಸೊಂಟ ಹಿಡಿದು ನಿಲ್ಲುತ್ತಾರೆ. ಆದರೆ ಹದಿನೆಂಟರ ಮೈ ಅಲ್ವಾ, ಮೂರು ವಾರದಲ್ಲಿ ದಮ್ಮು ವಾಪಸ್ ಬರುತ್ತದೆ. ಬರದೆ ಉಳಿಯುವುದು ಬೇರೆ ಒಂದು. ಅದು ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು.

ಒಂದು ವರ್ಷ ವಲಯದ ಪಂದ್ಯದಲ್ಲಿ ನಾಲ್ಕು ಸಲ ಎಂಟು ಸೆಕೆಂಡಿನ ತಪ್ಪು ಮಾಡಿದೆವು. ನಮ್ಮ ಅರ್ಧ ಕೋರ್ಟಿನಲ್ಲಿ ಚೆಂಡು ಸಿಕ್ಕಿದರೆ ಎಂಟು ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಿಸಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಡೀ ಕೋರ್ಟು ಇರುವುದೇ 28 ಮೀಟರ್ ಉದ್ದ. ಅದರ ಅರ್ಧ ದಾಟಲು ಎಂಟು ಸೆಕೆಂಡು ಸಾಲದು ಅಂದರೆ ನಾಚಿಕೆ. ದಮ್ಮು ಸಾಲದು ಅಂತ ನಾನೇ ತೀರ್ಮಾನ ಮಾಡಿಕೊಂಡು ಎರಡು ವಾರ ಬರೀ ಓಡಿಸಿದೆ. ಮುಂದಿನ ಪಂದ್ಯದಲ್ಲೂ ಅದೇ ಕತೆ.

ಆಮೇಲೆ ಒಂದು ಪ್ರಾಕ್ಟೀಸ್ ಪಂದ್ಯವನ್ನು ನನ್ನ ತಮ್ಮನ ಕೈಯಲ್ಲಿ ಫೋನಿನಲ್ಲಿ ತೆಗೆಸಿ, ರಾತ್ರಿ ಊಟ ಆದ ಮೇಲೆ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಸೀನಿಯರ್ ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಪುಟಿದ ಚೆಂಡು) ಹಿಡಿದಾಗ ಅದು ನಾಲ್ಕು ಸೆಕೆಂಡಿನೊಳಗೆ ಗೆರೆ ದಾಟುತ್ತಿತ್ತು. ಫಸ್ಟ್ ಇಯರ್ ಹುಡುಗಿ ಹಿಡಿದಾಗ ಆರು, ಕೆಲವು ಸಲ ಏಳು. ಓಟದಲ್ಲಿ ಹೊಸ ಹುಡುಗಿಯೇ ಮುಂದು! ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆ. ರೀಬೌಂಡ್ ಹಿಡಿದು ಕೆಳಗಿಳಿದ ಹುಡುಗಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ನಿಲ್ಲುತ್ತಾಳೆ. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ಒಯ್ದು ಆಟ ನಡೆಸುವವಳು, ಎಲ್ಲಿದ್ದಾಳೆ ಅಂತ ಹುಡುಕುತ್ತಾಳೆ. ಗಾರ್ಡ್ ಫೈನಲ್ ಇಯರಿನವಳು, ಆ ಕಡೆ ಮೂಲೆಯಲ್ಲಿದ್ದಾಳೆ. “ಅಕ್ಕಾ...” ಅಂತ ಕರೆಯುತ್ತಾಳೆ. ಅಕ್ಕ ನಡೆದು ಬರುತ್ತಾಳೆ. ಇವಳು ಪ್ರಸಾದ ಕೊಟ್ಟ ಹಾಗೆ ಎರಡೂ ಕೈಯಲ್ಲಿ ಚೆಂಡು ಕೊಡುತ್ತಾಳೆ. ಮೂರು ಸೆಕೆಂಡು ಅಲ್ಲೇ ಹೋಯಿತು. ಪಕ್ಕದಲ್ಲೇ ಇನ್ನೊಬ್ಬ ಹೊಸ ಹುಡುಗಿ ಖಾಲಿ ನಿಂತಿದ್ದಾಳೆ, ಅವಳ ಕಡೆ ಯಾರೂ ನೋಡುವುದಿಲ್ಲ. ಅವಳೂ ಕೈ ಎತ್ತುವುದಿಲ್ಲ.

ಹಾಸ್ಟೆಲಿನಲ್ಲಿ ಬಿಸಿನೀರು ಮೊದಲು ಸೀನಿಯರ್ಸ್‌ಗೆ. ಮೆಸ್ಸಿನ ಸಾಲಿನಲ್ಲಿ ಸೀನಿಯರ್ ಬಂದರೆ ಜಾಗ ಬಿಡಬೇಕು. ಅದೇ ಹುಡುಗಿಗೆ ಸಂಜೆ ಐದೂವರೆಗೆ ‘ಚೆಂಡು ನಿನ್ನದು, ನೀನೇ ನಿರ್ಧಾರ ಮಾಡು’ ಅಂದರೆ ಹೇಗೆ ಸಾಧ್ಯ? ನಾನೂ ಹಾಗೇ ಇದ್ದೆ. ಮೊದಲ ಎರಡು ವರ್ಷ ಚೆಂಡಿನ ಚೀಲ ಹೊತ್ತಿದ್ದು, ಸೀನಿಯರ್ಸ್‌ಗೆ ನೀರಿನ ಬಾಟಲಿ ಕೊಟ್ಟಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಇದು ನಮ್ಮೂರಿನದೇ ರೋಗ ಅಂತಲೂ ಅಲ್ಲ. ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ 1972ರವರೆಗೆ ಮೊದಲ ವರ್ಷದ ಹುಡುಗರನ್ನು ಮುಖ್ಯ ತಂಡದಲ್ಲಿ ಆಡಲು ಬಿಡುತ್ತಲೇ ಇರಲಿಲ್ಲ. ಅವರಿಗೆ ಬೇರೆಯೇ ತಂಡ. 1965ರ ನವೆಂಬರಿನಲ್ಲಿ ಯುಸಿಎಲ್‌ಎ ಕಾಲೇಜಿನ ಹೊಸ ಹುಡುಗರ ತಂಡ ಅದೇ ಕಾಲೇಜಿನ ಮುಖ್ಯ ತಂಡವನ್ನು 75–60ರಲ್ಲಿ ಸೋಲಿಸಿತು. ಸೋತವರು ಆಗಿನ ರಾಷ್ಟ್ರೀಯ ಚಾಂಪಿಯನ್ನರು! ಗೆದ್ದವರಲ್ಲಿ ಒಬ್ಬ ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಅನ್ನುವ ಹೆಸರಿನಲ್ಲಿ ಜಗತ್ತಿಗೇ ಗೊತ್ತಾದ ಆಟಗಾರ. ಅಂಥವನೂ ಮುಖ್ಯ ತಂಡದಲ್ಲಿ ಆಡಲು ಒಂದು ವರ್ಷ ಕಾಯಬೇಕಾಯಿತು. ನಮ್ಮಲ್ಲಿ ಅಂಥ ನಿಯಮ ಯಾರೂ ಬರೆದಿಲ್ಲ, ಹುಡುಗಿಯರ ತಲೆಯೊಳಗೆ ಇತ್ತು.

ಮೊದಲು ನಾನು ಮಾಡಿದ ಮದ್ದು ಪೂರ್ತಿ ತಪ್ಪಾಯಿತು. ಅಮೆರಿಕದ ಅಯೋವಾ ರಾಜ್ಯದ ಗ್ರಿನ್ನೆಲ್ ಕಾಲೇಜು ವಿಚಿತ್ರ ವೇಗದಲ್ಲಿ ಆಡುತ್ತದೆ ಅಂತ ಓದಿದ್ದೆ. ಒಂದೆರಡು ನಿಮಿಷಕ್ಕೊಮ್ಮೆ ಐದಕ್ಕೆ ಐದೂ ಜನರನ್ನು ಬದಲಿಸುತ್ತಾರೆ, ಸಿಕ್ಕ ತಕ್ಷಣ ಶಾಟ್ ಹಾಕುತ್ತಾರೆ. 2012ರಲ್ಲಿ ಅಲ್ಲಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಹೊಡೆದದ್ದು ಇದೇ ಆಟದಲ್ಲಿ. ಅದನ್ನು ನೋಡಿ ನಾನೂ ಹೊಸಬರೇ ಐದು ಜನರನ್ನು ಒಟ್ಟಿಗೆ ಇಳಿಸಿದೆ. ಸೀನಿಯರ್ ಇಲ್ಲದಿದ್ದರೆ ಹೆದರಿಕೆಯೂ ಇರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಮೂರು ನಿಮಿಷದಲ್ಲಿ ಹನ್ನೊಂದು ಪಾಯಿಂಟ್ ಬಿಟ್ಟುಕೊಟ್ಟರು, ಒಂದೂ ಹೊಡೆಯಲಿಲ್ಲ. ಒಬ್ಬಳು ಬೆಂಚಿಗೆ ಬಂದು ಟವೆಲ್ ಮುಖದ ಮೇಲೆ ಹಾಕಿಕೊಂಡು ಅತ್ತಳು. ಗ್ರಿನ್ನೆಲ್‌ನವರ ಬೆಂಚಿನಲ್ಲಿ ಬೇಕಾದಷ್ಟು ಜನ ಇರುತ್ತಾರೆ, ವರ್ಷಪೂರ್ತಿ ಅದನ್ನೇ ಅಭ್ಯಾಸ ಮಾಡಿರುತ್ತಾರೆ. ನಾನು ನಕಲು ಮಾಡಿದ್ದು ಬದಲಿಸುವುದನ್ನು ಮಾತ್ರ.

ಎರಡನೆಯ ಮದ್ದು ಸಣ್ಣದು. ಕೋರ್ಟಿನ ಗೆರೆಯೊಳಗೆ ‘ಅಕ್ಕ’ ಅನ್ನುವಂತಿಲ್ಲ. ಹೆಸರೂ ಬೇಡ, ಹೆಸರು ಹಿಡಿದು ಕರೆಯಲು ಹೊಸಬರಿಗೆ ನಾಲಿಗೆ ಏಳುವುದಿಲ್ಲ. ಜೆರ್ಸಿ ನಂಬರ್ ಕೂಗಬೇಕು. ನಾನು ಬೆಂಚಿನಿಂದ ಕೂಗುವುದೂ ನಂಬರೇ. ಗೆರೆ ದಾಟಿ ಹೊರಗೆ ಬಂದರೆ ಮತ್ತೆ ಅಕ್ಕ, ನನ್ನದೇನೂ ತಕರಾರಿಲ್ಲ.

ಗಾರ್ಡ್ ನಂಬರ್ ಏಳು. ಮೊದಲ ವಾರ ಹುಡುಗಿಯರು “ಏಳು! ಏಳು!” ಅಂತ ಕಿರುಚಿದರೆ ಪಕ್ಕದಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗರು ಯಾರು ಬಿದ್ದರು ಅಂತ ತಿರುಗಿ ನೋಡುತ್ತಿದ್ದರು. ಒಮ್ಮೆ ಅವಳು ನಿಜವಾಗಿಯೂ ಜಾರಿ ಬಿದ್ದಿದ್ದಳು. ಹೊಸ ಹುಡುಗಿ “ಏಳು!” ಅಂದಳು. ಪಾಸ್‌ಗೋ ಎದ್ದೇಳುವುದಕ್ಕೋ ಗೊತ್ತಾಗದೆ ಎಲ್ಲರೂ ನಕ್ಕು ಆಟವೇ ನಿಂತಿತು. ಆ ನಗು ನನಗೆ ತುಂಬಾ ಉಪಕಾರ ಮಾಡಿತು. ಆದರೆ ಎಲ್ಲರಿಗೂ ಇಷ್ಟವಾಗಲಿಲ್ಲ. ಇನ್ನೊಬ್ಬ ಫೈನಲ್ ಇಯರಿನವಳು ಬಂದು, “ಮೇಡಂ, ಈ ವರ್ಷದವರಿಗೆ ಮರ್ಯಾದೆನೇ ಇಲ್ಲ” ಅಂದಳು. ಅವಳಿಗೆ ಆ ವೀಡಿಯೊ ತೋರಿಸಿದೆ. ಮೂರು ಸಲ ಖಾಲಿ ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತಿದ್ದವಳು ಅವಳೇ. ಚೆಂಡು ಬರಲೇ ಇಲ್ಲ. ನೋಡಿ ಸುಮ್ಮನಾದಳು. ಒಪ್ಪಿದಳು ಅಂತ ಹೇಳಲಾರೆ.

ಕೆಲಸವನ್ನೂ ಕಡಿಮೆ ಮಾಡಿದೆ. ಹೊಸಬರಿಗೆ ಮೊದಲ ನಾಲ್ಕು ವಾರ ಆಟದ ಪ್ಲಾನುಗಳನ್ನು ಕಲಿಸುವುದೇ ಇಲ್ಲ. ರೀಬೌಂಡ್ ಹಿಡಿದರೆ ಗಾರ್ಡನ್ನು ಹುಡುಕಬೇಡ, ನೀನು ಇಳಿದ ಕಡೆಯ ಪಕ್ಕದ ಗೆರೆ ನೋಡು. ಅಲ್ಲಿ ಯಾರಿದ್ದರೂ ಕೊಡು. ಯಾರೂ ಇಲ್ಲವಾ, ನೀನೇ ಚೆಂಡು ತಟ್ಟುತ್ತಾ ಮುಂದೆ ಹೋಗು. ಚೆಂಡು ಕೊಟ್ಟ ಮೇಲೆ ಗೆರೆ ಪಕ್ಕದಲ್ಲೇ ಅಗಲವಾಗಿ ಓಡು, ಮಧ್ಯಕ್ಕೆ ನುಗ್ಗಬೇಡ. ಲೇಅಪ್ (ಓಡುತ್ತಾ ಬಂದು ಬುಟ್ಟಿಯ ಹತ್ತಿರದಿಂದಲೇ ಹಾಕುವ ಅವಕಾಶ) ಸಿಕ್ಕಿದರೆ ಯಾರನ್ನೂ ಕೇಳಬೇಡ, ಹಾಕು. ಇಷ್ಟೇ. ಎದುರಾಳಿ ಬುಟ್ಟಿಯ ಕೆಳಗೆ ರೀಬೌಂಡ್ ಸಿಕ್ಕಿದರೂ ಹೀಗೇ. ಆಗ ಶಾಟ್ ಕ್ಲಾಕ್ (ಶಾಟ್ ಹಾಕಲು ಇರುವ ಗಡುವು) ಮತ್ತೆ 24ಕ್ಕೆ ಹೋಗುವುದಿಲ್ಲ, 14 ಸೆಕೆಂಡು ಮಾತ್ರ. ಅದನ್ನು ಹೊರಗೆ ತಂದು ಅಕ್ಕನ ಕೈಗೆ ಒಪ್ಪಿಸಲು ಪುರುಸೊತ್ತಿಲ್ಲ. ಮತ್ತೆ ಹಾಕು, ಇಲ್ಲಾಂದರೆ ಹತ್ತಿರದವಳಿಗೆ ಕೊಡು.

ಒಂದು ಸಲಕ್ಕೆ ಇಬ್ಬರೇ ಹೊಸಬರು, ಜೊತೆಗೆ ಮೂವರು ಹಳಬರು. ನಾಲ್ಕು ನಿಮಿಷ ಆಡಿಸಿ ತೆಗೆಯುತ್ತೇನೆ. ತಪ್ಪು ಮಾಡಿದ ತಕ್ಷಣ ತೆಗೆಯುವುದಿಲ್ಲ. ಹಾಗೆ ತೆಗೆದರೆ ಮುಂದಿನ ಸಲ ಚೆಂಡು ಬಂದಾಗ ಅವಳು ಎದುರಾಳಿಯನ್ನಲ್ಲ, ನನ್ನ ಮುಖ ನೋಡುತ್ತಾಳೆ. ಫೌಲ್ ಮಾತ್ರ ಕಾಟ. ಕಾಲು ಸರಿಸುವ ಬದಲು ಕೈ ಚಾಚುತ್ತಾರೆ. ಒಂದು ಕ್ವಾರ್ಟರಿನಲ್ಲಿ, ಅಂದರೆ ಆಟದ ಕಾಲು ಭಾಗದಲ್ಲಿ, ತಂಡದ ಫೌಲ್ ನಾಲ್ಕು ದಾಟಿದರೆ ಆಮೇಲೆ ಪ್ರತಿ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದ ಶಾಟು. ಅದಕ್ಕೇ ಹೊಸಬರ ಓಟವನ್ನು ಎರಡನೇ ಕ್ವಾರ್ಟರಿನಲ್ಲಿ ಇಡುತ್ತೇನೆ, ಕೊನೆಯದರಲ್ಲಿ ಅಲ್ಲ.

ವೇಗ ಅಂದರೆ ಎಷ್ಟು ಅಂತ ಅಳೆಯದೆ ಮಾತಾಡಿದರೆ ಪ್ರಯೋಜನವಿಲ್ಲ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಾವು ಹಾಕಿದ ಶಾಟುಗಳು, ಅದರಲ್ಲಿ ನಾವೇ ಮತ್ತೆ ಹಿಡಿದ ರೀಬೌಂಡುಗಳನ್ನು ಕಳೆಯಬೇಕು, ಚೆಂಡು ಕಳೆದುಕೊಂಡದ್ದನ್ನು ಕೂಡಿಸಬೇಕು, ಫ್ರೀ ಥ್ರೋಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸೇರಿಸಬೇಕು. ಎಷ್ಟು ಸಲ ಚೆಂಡು ನಮ್ಮ ಸರದಿಗೆ ಬಂತು ಅನ್ನುವುದು ಸುಮಾರಾಗಿ ಸಿಗುತ್ತದೆ. ಆ ವರ್ಷ ಅದು ಅರವತ್ತರ ಆಸುಪಾಸಿನಿಂದ ಎಪ್ಪತ್ತು ದಾಟಿತು. ಚೆಂಡು ಕಳೆದುಕೊಳ್ಳುವುದೂ ಜಾಸ್ತಿಯಾಯಿತು, ಮುಚ್ಚಿಡುವುದೇಕೆ. ಮೊದಲ ಎರಡು ಪಂದ್ಯ ಸೋತೆವು. ಆದರೆ ಎಂಟು ಸೆಕೆಂಡಿನ ತಪ್ಪು ಒಂದೂ ಆಗಲಿಲ್ಲ. ನನ್ನ ಸೀನಿಯರ್ಸ್ ಕೊನೆಯ ನಾಲ್ಕು ನಿಮಿಷಕ್ಕೆ ಮೊದಲ ಬಾರಿಗೆ ಕಾಲಲ್ಲಿ ಜೀವ ಇಟ್ಟುಕೊಂಡಿದ್ದರು. ಆ ಹೊತ್ತಿಗೆ ವೇಗ ಪೂರ್ತಿ ಇಳಿಸುತ್ತೇವೆ, 24 ಸೆಕೆಂಡಿನಲ್ಲಿ ಇಪ್ಪತ್ತನ್ನು ತಿನ್ನುತ್ತೇವೆ. ಅದು ಹಳಬರ ಆಟ. ಮೂರನೇ ಪಂದ್ಯವನ್ನು ಹಾಗೆಯೇ ಗೆದ್ದೆವು, ಐದು ಪಾಯಿಂಟಿನಿಂದ.

ಇಂಟರ್ನಲ್ಸ್ ವಾರ ಬಂದರೆ ಈ ಲೆಕ್ಕವೆಲ್ಲ ಗಾಳಿಗೆ. ಆರು ಜನ ಬಂದರೆ ಪುಣ್ಯ.

ಆ ಗಾರ್ಡ್ ಪಾಸಾಗಿ ಹೋದಳು. ಈ ವರ್ಷ ಏಳು ನಂಬರಿನ ಜೆರ್ಸಿ ಹಾಕಿಕೊಂಡಿರುವವಳು ಅವತ್ತು ಟವೆಲ್ ಹಾಕಿಕೊಂಡು ಅತ್ತವಳು. ಮೊನ್ನೆ ಮೊದಲ ಪ್ರಾಕ್ಟೀಸಿನಲ್ಲಿ ಹಾಸನದಿಂದ ಬಂದ ಹೊಸ ಹುಡುಗಿಯೊಬ್ಬಳು ರೀಬೌಂಡ್ ಹಿಡಿದು “ಏಳು!” ಅಂತ ಕೂಗಿದಳು. ಇವಳು ತಿರುಗಿ ಹಿಂದೆ ಯಾರಿದ್ದಾರೆ ಅಂತ ನೋಡಿದಳು. ಚೆಂಡು ಹೋಗಿ ಭುಜಕ್ಕೆ ಬಡಿಯಿತು.